ಚಿಕ್ಕ ರಣ್‌ನ ಸಫಾರಿ ಕ್ಯಾಂಪಿಗೆ ಹೋಗ್ತೀರಾ? ಎರಡು ರಾತ್ರಿ ಇಟ್ಕೊಳ್ಳಿ

ಮೊನ್ನೆ ಮಾಟುಂಗಾದಲ್ಲಿ ಕಾಫಿ ಕುಡೀತಾ ಗೆಳತಿ ಹೇಳಿದ್ಲು, ‘ಧೋರ್ಡೋ ಟೆಂಟ್ ಸಿಟಿ ಬುಕ್ ಮಾಡ್ತಿದ್ದೀನಿ ಕಣೇ, ಮಕ್ಕಳಿಗೆ ಕಾಡುಕತ್ತೆ ತೋರಿಸ್ಬೇಕು’ ಅಂತ. ತಡಿ ಮಾರಾಯ್ತಿ ಅಂದೆ. ಮುಂಬೈಲಿ ನಮ್ಮವರು ಸುಮಾರು ಜನ ಇಲ್ಲೇ ಎಡವೋದು. ರಣ್ ಅಂದ್ರೆ ಗುಜರಾತಿನ ಕಚ್ಛ್ ಕಡೆಯ ಉಪ್ಪಿನ ಮರುಭೂಮಿ, ದೊಡ್ಡದು ಚಿಕ್ಕದು ಅಂತ ಎರಡಿವೆ. ಧೋರ್ಡೋ ಇರೋದು ಭುಜ್ ಆಚೆ ದೊಡ್ಡ ರಣ್‌ನಲ್ಲಿ, ರಣ್ ಉತ್ಸವ ನಡೆಯೋ ಜಾಗ ಅದು. ಕಾಡುಕತ್ತೆ ಬೇಕಂದ್ರೆ ಚಿಕ್ಕ ರಣ್‌ಗೆ ಹೋಗಿ, ದಸಾಡಾ, ಝೈನಾಬಾದ್, ಬಜಾಣಾ ಸುತ್ತಮುತ್ತ ಕ್ಯಾಂಪ್‌ಗಳಿವೆ.

ಮಳೆಗಾಲದಲ್ಲಿ ಆ ಉಪ್ಪಿನ ಮರುಭೂಮಿಗೆ ನೀರು ತುಂಬಿ ಸಫಾರಿ ಬಂದ್ ಆಗುತ್ತೆ, ಹಾಗಾಗಿ ನವೆಂಬರ್‌ನಿಂದ ಫೆಬ್ರವರಿ ಒಳಗೆ ಡೇಟ್ ಹುಡುಕಿ. ಟ್ರೇನ್ ಸುಲಭ. ರಾತ್ರಿ ಸೌರಾಷ್ಟ್ರ ಮೇಲ್ ಹತ್ತಿದ್ರೆ, ಬೋರಿವಲಿಯಲ್ಲೂ ನಿಲ್ಲುತ್ತೆ, ಬೆಳಗಾಗೋದ್ರೊಳಗೆ ವಿರಮ್‌ಗಾಮ್, ಅಲ್ಲಿಂದ ದಸಾಡಾಗೆ ಕಾರಲ್ಲಿ ಒಂದು ಗಂಟೆಯೂ ಬೇಡ, ಪಿಕಪ್ ಕಳಿಸ್ತೀರಾ ಅಂತ ಕ್ಯಾಂಪ್‌ನವರನ್ನೇ ಕೇಳಿ.

ದುಡ್ಡು ಕಟ್ಟೋಕೆ ಮುಂಚೆ ಫೋನ್ ಮಾಡಲೇಬೇಕು. ಜೀಪ್ ನಮ್ಮೊಬ್ಬರಿಗೇನಾ ಅಥವಾ ಶೇರಿಂಗಾ, ಅರಣ್ಯ ಇಲಾಖೆ ಪರ್ಮಿಟ್ಟು ಕ್ಯಾಮೆರಾ ಫೀ ಎಲ್ಲ ರೇಟಲ್ಲಿ ಸೇರಿದೆಯಾ, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತೆ, ರಾತ್ರಿಯಿಡೀ ಕರೆಂಟ್ ಇರುತ್ತಾ. ಇದೆಲ್ಲಕ್ಕಿಂತ ಮುಖ್ಯ, ಗೈಡ್ ಆ ಊರಿನವರೇನಾ ಅಂತ ಕೇಳಿ. ಮೆತ್ತನೆ ಹಾಸಿಗೆ ಲೋನಾವಳಾದಲ್ಲೂ ಸಿಗುತ್ತೆ, ಇಲ್ಲಿ ನೀವು ಕೊಡೋ ದುಡ್ಡಿಗೆ ಬೆಲೆ ಬರೋದು ದಿಕ್ಕೇ ಗೊತ್ತಾಗದ ಬಯಲಲ್ಲಿ ದಾರಿ ಹಿಡಿದು ಕರ್ಕೊಂಡು ಹೋಗೋ ಆ ಮನುಷ್ಯನಿಂದ.

ಒಂದೇ ರಾತ್ರಿ ಸಾಕು ಅಂತ ದಯವಿಟ್ಟು ಅನ್ಕೋಬೇಡಿ. ಮೊದಲ ದಿನ ಟ್ರೇನಿನ ನಿದ್ದೆಗಣ್ಣು, ಸಂಜೆ ಒಂದು ಸುತ್ತು ಹಾಕೋಷ್ಟರಲ್ಲಿ ಕತ್ತಲೆ. ಎರಡು ರಾತ್ರಿ ಇದ್ರೆ ಎರಡು ಬೆಳಗಿನ ಸಫಾರಿ ಸಿಗುತ್ತೆ, ಒಂದು ಕತ್ತೆಗಳಿಗೆ, ಇನ್ನೊಂದು ರಾಜಹಂಸ ಇಳಿಯೋ ನೀರಿಗೆ. ಓಪನ್ ಜೀಪಲ್ಲಿ ಆ ಹೊತ್ತಿಗೆ ಕೈ ಮರಗಟ್ಟುತ್ತೆ, ನಮ್ಮ ಮುಂಬೈ ಚಳಿ ನಂಬ್ಕೊಂಡು ಹೋಗ್ಬೇಡಿ, ಸ್ವೆಟರ್, ಕಿವಿ ಮುಚ್ಚೋ ಟೋಪಿ ಎರಡೂ ಇರ್ಲಿ.

ಒಂದು ಮಧ್ಯಾಹ್ನ ಅಗರಿಯಾ ಜನರ ಉಪ್ಪಿನ ಗದ್ದೆಗೆ ಕರ್ಕೊಂಡು ಹೋಗಿ ಅಂತ ನೀವಾಗೇ ಕೇಳಿ. ನೆಲದೊಳಗಿನ ಉಪ್ಪುನೀರನ್ನ ಪಂಪ್ ಮಾಡಿ ಮಡಿಗಳಲ್ಲಿ ತಿಂಗಳುಗಟ್ಟಲೆ ಒಣಗಿಸ್ತಾರೆ, ಕುಟುಂಬ ಸಮೇತ ಅಲ್ಲೇ ಗುಡಿಸಲು. ನಾವು ಹೋದಾಗ ಒಬ್ಬ ಅಜ್ಜ ಹಾಲಿಲ್ಲದ ಚಹಾ ಕೊಟ್ರು, ಅವರ ಹಿಮ್ಮಡಿ ಬಿರುಕಲ್ಲೆಲ್ಲ ಬೆಳ್ಳಗೆ ಉಪ್ಪು ಕೂತಿತ್ತು. ನನ್ನ ಮಗಳು ಅವತ್ತು ರಾತ್ರಿ ಊಟಕ್ಕೆ ಕೂತವಳು ಉಪ್ಪಿನ ಬಟ್ಟಲನ್ನೇ ನೋಡ್ತಿದ್ಲು. ಅಲ್ಲಿ ಫೋಟೋ ತೆಗೆಯೋಕೆ ಮುಂಚೆ ಕೇಳಿ.

ಇನ್ನು ಕತ್ತೆಗಳು. 1969ರಲ್ಲಿ ಎಣಿಸಿದಾಗ ಇದ್ದಿದ್ದು ಬರೀ 362, ರೋಗ ಬಂದು ಹಾಗಾಗಿತ್ತು, 2024ರ ಗಣತಿಯಲ್ಲಿ 7,672. ಹಿಂಡು ಕಂಡ ತಕ್ಷಣ ಜೀಪ್ ಓಡಿಸಿ ಅಂತ ಡ್ರೈವರ್‌ಗೆ ಹೇಳ್ಬೇಡಿ, ಮರಿಗಳು ಹೆದರಿ ಓಡ್ತವೆ. ದೂರದಲ್ಲೇ ಎಂಜಿನ್ ಆಫ್ ಮಾಡಿಸಿ, ಹತ್ತು ನಿಮಿಷ ಮಾತಾಡದೆ ಕೂತ್ಕೊಳ್ಳಿ. ಮರಳು ಬಣ್ಣದ ಬೆನ್ನ ಮೇಲಿನ ಕಂದು ಪಟ್ಟೆ ಕಾಣುತ್ತೆ, ಆಮೇಲೆ ಒಣಗಿದ ಉಪ್ಪಿನ ಪದರದ ಮೇಲೆ ಗೊರಸು ಇಟ್ಟಾಗ ಹಪ್ಪಳ ಮುರಿದ ಹಾಗೆ ಚಟ್ ಚಟ್ ಅನ್ನೋ ಸದ್ದು ಕೇಳ್ಸುತ್ತೆ.