ನಾಲ್ಕನೆಯ ಡೌನ್‌ನ ಚೀಟಿ: ಕಿಕ್ಕರ್ ಮೇಲಿನ ಫೌಲ್ ಮತ್ತು ನನ್ನ ಅನುಭವ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹತ್ತು ಯಾರ್ಡ್ ಸಾಗಲು ತಂಡಕ್ಕೆ ಸಿಗುವುದು ನಾಲ್ಕು ಅವಕಾಶ, ಅಂದರೆ ಡೌನ್. ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ಎದುರಾಳಿಯ ಕಡೆಗೆ ದೂರ ಒದ್ದುಬಿಡುತ್ತಾರೆ, ಅದೇ ಪಂಟ್. ಆ ಪಂಟ್‌ಗೆ ಮುಂಚೆ ಜೇಬಿನಿಂದ ಚೀಟಿ ತೆಗೆದು ಬರೆದುಕೊಳ್ಳುವ ನನ್ನ ಪದ್ಧತಿಯನ್ನು ನಮ್ಮ ಹಿರಿಯ ರೆಫರಿಗಳು ಮೊದಲಿಗೆ ಒಪ್ಪಲಿಲ್ಲ. ಮೈದಾನದ ನಡುವೆ ಪೆನ್ಸಿಲ್ ಹಿಡಿದವನನ್ನು ಕೋಚ್‌ಗಳು ಹೊಸಬನೆಂದು ತಿಳಿಯುತ್ತಾರೆ, ಡೌನ್ ಎಣಿಸಲು ಬೆರಳಿಗೆ ಹಾಕಿಕೊಂಡ ರಬ್ಬರ್ ಪಟ್ಟಿಯೇ ಸಾಕು ಎಂಬುದು ಅವರ ವಾದ. ಈಗ ಕಳೆದ ಎರಡು ಋತುಗಳಿಂದ ನಮ್ಮ ಐವರ ತಂಡದಲ್ಲಿ ಕಿಕ್ಕರ್ ಫೌಲ್ ಬಿದ್ದಾಗ ಚೆಂಡನ್ನು ಎಲ್ಲಿಡಬೇಕು ಎಂಬ ಜಗಳವೇ ಎದ್ದಿಲ್ಲ. ಅಂದು ಬೇಡವೆಂದವರಲ್ಲಿ ಇಬ್ಬರು ಇಂದು ಅದೇ ಚೀಟಿ ಇಟ್ಟುಕೊಂಡು ಓಡಾಡುತ್ತಾರೆ. ಅಮೆರಿಕದ ಶಾಲಾ ಫುಟ್‌ಬಾಲ್‌ನಲ್ಲಿ ಪಟ್ಟೆ ಅಂಗಿ ತೊಟ್ಟು ನಿಲ್ಲುವ ಕನ್ನಡಿಗರು ಅಲ್ಲೊಬ್ಬ ಇಲ್ಲೊಬ್ಬ ಸಿಗುತ್ತಿರುವುದರಿಂದ ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ನಾನಿರುವುದು ಇಲಿನಾಯ್‌ನಲ್ಲಿ. ಟೆಕ್ಸಾಸ್‌ನವರು ಕಾಲೇಜು ನಿಯಮ ಆಡಿಸುವುದರಿಂದ ಒಂದೆರಡು ಕಡೆ ಹೊಂದಿಸಿಕೊಂಡು ಓದಬೇಕು.

ಕಿಕ್ಕರ್‌ಗೆ ತಾಗಿ ಜಾಗದಿಂದ ಸರಿಸುವ ರನ್ನಿಂಗ್ ಇಂಟು ಆದರೆ 5 ಯಾರ್ಡ್, ಜೋರಾಗಿ ಮೇಲೆರಗುವ ರಫಿಂಗ್ ಆದರೆ 15 ಯಾರ್ಡ್ ಮತ್ತು ನೇರ ಫಸ್ಟ್ ಡೌನ್, ಅಂದರೆ ಒದ್ದ ತಂಡಕ್ಕೆ ಹೊಸದಾಗಿ ನಾಲ್ಕು ಅವಕಾಶ. ಇದು ನಿಮಗೆ ಗೊತ್ತಿರುವುದೇ. ತೊಡಕು ಇರುವುದು ಆ ದಂಡವನ್ನು ಎಲ್ಲಿಂದ ಅಳೆಯಬೇಕು ಎಂಬಲ್ಲಿ. ಎರಡೂ ಪ್ರೀವಿಯಸ್ ಸ್ಪಾಟ್‌ನಿಂದಲೇ, ಅಂದರೆ ಒದೆಯುವ ಮುನ್ನ ಚೆಂಡು ಇಟ್ಟಿದ್ದ ಜಾಗದಿಂದ. ಆದರೆ ಪಂಟ್ ಹಿಡಿಯುವ ತಂಡದ ಕೋಚ್ ನೋಡಿರುವುದು ಬೇರೆ ದೃಶ್ಯ. ತನ್ನ ಹುಡುಗ ಮೈದಾನದ ಆ ತುದಿಯಲ್ಲಿ ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದು ನಿಲ್ಲಿಸುವ ಫೌಲ್) ಮಾಡಿದಾಗ ಕಿಕ್ ಮುಗಿದ ಜಾಗವನ್ನು ಆಧರಿಸಿ ದಂಡ ಹಾಕಿ, ಚೆಂಡನ್ನು ತನ್ನ ತಂಡಕ್ಕೇ ಬಿಟ್ಟಿದ್ದು ಅವನಿಗೆ ನೆನಪಿರುತ್ತದೆ. ಆ ರಿಯಾಯಿತಿ ಸಿಗುವುದು ಚೆಂಡು ಇಟ್ಟಿದ್ದ ಸ್ಕ್ರಿಮೇಜ್ ಗೆರೆಯ ಆಚೆ ನಡೆದ ಫೌಲ್‌ಗೆ ಮಾತ್ರ. ಕಿಕ್ಕರ್ ನಿಂತಿರುವುದು ಗೆರೆಯ ಹಿಂದೆ, ಹತ್ತು ಹನ್ನೆರಡು ಯಾರ್ಡ್ ಒಳಗೆ. ಹಾಗಾಗಿ ಚೆಂಡು ಮತ್ತೆ ಒದ್ದ ತಂಡಕ್ಕೇ ಹೋಗುತ್ತದೆ. ಪ್ರತಿ ಋತುವಿನಲ್ಲೂ ಯಾರಾದರೊಬ್ಬ ಕೋಚ್‌ಗೆ ಇದನ್ನು ಹೇಳಲೇಬೇಕಾಗುತ್ತದೆ. ನಾನು ಹೇಳುವುದು ಒಂದೇ ಮಾತು: "ಫೌಲ್ ಆದದ್ದು ಗೆರೆಯ ಹಿಂದೆ, ಕೋಚ್." ಅದಕ್ಕಿಂತ ಉದ್ದದ ವಿವರಣೆ ಕೊಟ್ಟಾಗಲೆಲ್ಲ ಮಾತು ಬೆಳೆದಿದೆ.

ಪ್ರೀವಿಯಸ್ ಸ್ಪಾಟ್‌ನಿಂದ ಅಳೆಯಬೇಕಾದರೆ ಆ ಸ್ಪಾಟ್ ಇರಬೇಕಲ್ಲ? ಚೆಂಡು ನಲವತ್ತು ಯಾರ್ಡ್ ಹಾರಿ ಹೋಗಿರುತ್ತದೆ, ಎಲ್ಲರ ಕಣ್ಣೂ ಅದರ ಹಿಂದೆ. ಹತ್ತು ಯಾರ್ಡ್ ಅಳೆಯುವ ಚೈನ್‌ನ ಕಂಬ ಹಿಡಿಯುವವರು ಆತಿಥೇಯ ಶಾಲೆಯ ಸ್ವಯಂಸೇವಕರು, ಹೆಚ್ಚಿನವರು ಆಟಗಾರರ ಅಪ್ಪಂದಿರು. ಪಂಟ್ ಹಿಡಿದ ಕೂಡಲೇ ಕಂಬ ಕಿತ್ತುಕೊಂಡು ಓಡುವುದು ಅವರ ಅಭ್ಯಾಸ. ಹಿಂದೆ ಕಿಕ್ಕರ್ ಕಾಲ ಬಳಿ ಬಿದ್ದ ನನ್ನ ಹಳದಿ ಫ್ಲ್ಯಾಗ್ ಅವರಿಗೆ ಕಾಣುವುದಿಲ್ಲ. ಒಂದು ಮಳೆಯ ರಾತ್ರಿ ಹೀಗೇ ಕಂಬವೂ ಎಷ್ಟನೆಯ ಡೌನ್ ಎಂದು ತೋರಿಸುವ ಡೌನ್ ಬಾಕ್ಸೂ ಎರಡೂ ಹೊರಟುಹೋದವು. ಕೆಸರಿನಲ್ಲಿ ಗೆರೆಗಳೂ ಅಳಿಸಿದ್ದವು. ಐದು ನಿಮಿಷ ಐವರೂ ಸೇರಿ ಸ್ಪಾಟ್ ಹುಡುಕಿದೆವು, ಎರಡೂ ಕಡೆಯಿಂದ ಬೈಗುಳ ಬಂತು.

ಆಮೇಲೆ ಒಂದೊಂದಾಗಿ ದಾರಿ ಹುಡುಕಿದೆ. ಸ್ಪಾಟ್ ಮೇಲೆ ಗುರುತಿನ ಪುಟ್ಟ ಚೀಲವನ್ನು (ಬೀನ್ ಬ್ಯಾಗ್) ಬಿಡುವುದು ಮೊದಲ ಪ್ರಯತ್ನ. ಓಡುವ ಹುಡುಗರ ಕಾಲಿಗೆ ಸಿಕ್ಕಿ ಅದು ಎಲ್ಲೋ ಹೋಯಿತು, ಆ ತುದಿಯಲ್ಲಿ ನಿಲ್ಲುವ ನಮ್ಮ ಬ್ಯಾಕ್ ಜಡ್ಜ್ ಬಿಡುವ ಬ್ಯಾಗ್‌ನೊಡನೆ ಗೊಂದಲವೂ ಆಯಿತು. ಯಾರ್ಡ್ ಗೆರೆಯ ಗುರುತಿಗೆ ಚೈನ್‌ಗೆ ಸಿಕ್ಕಿಸುವ ಕ್ಲಿಪ್ ನಂಬಿದರೆ, ಅವಸರದಲ್ಲಿ ಅವರು ಮೊದಲು ಬಿಚ್ಚುವುದೇ ಅದನ್ನು. ಗೆರೆಯ ತುದಿಯಲ್ಲಿ ನಿಲ್ಲುವ ಲೈನ್ ಜಡ್ಜ್‌ನ ನೆನಪಿಗೆ ಬಿಟ್ಟರೆ, ಅವನಿಗೆ ಪಂಟ್ ಹಿಡಿಯುವವನತ್ತ ಗೆರೆ ದಾಟಿ ಓಡುವ ಗನ್ನರ್‌ಗಳ ಕಾಟವೇ ಸಾಕಷ್ಟಿರುತ್ತದೆ. ಸ್ಕೋರ್‌ಬೋರ್ಡ್ ನೋಡೋಣವೆಂದರೆ ನಡೆಸುವವರು ಅಷ್ಟರಲ್ಲಿ ಹೊಸ ಸರಣಿಯ 1 ಮತ್ತು 10 (ಮೊದಲ ಡೌನ್, ಹತ್ತು ಯಾರ್ಡ್) ಹಾಕಿಬಿಟ್ಟಿರುತ್ತಾರೆ. ಈ ಹುಡುಕಾಟಕ್ಕೆ ಹಣವೂ ಹೋಯಿತು. ಮಣಿಕಟ್ಟಿನ ಕೌಂಟರ್ ಎರಡು ಬಗೆಯವು, ಸುಮಾರು 20 ಡಾಲರ್ ಒಂದಕ್ಕೆ. ನೀರು ತಾಗದ ನೋಟ್‌ಬುಕ್ಕು 12 ಡಾಲರೋ ಏನೋ, ಅದು ಜೇಬಿಗೇ ಹಿಡಿಸಲಿಲ್ಲ. ಶಾಲೆಯ ಮುಖ್ಯ ತಂಡದ (ವಾರ್ಸಿಟಿ) ಪಂದ್ಯಕ್ಕೆ 80-90 ಡಾಲರ್, ಕೆಳಗಿನ ಹಂತಕ್ಕೆ 55-60 ಬರುವ ಕೆಲಸವಿದು. ಬೂಟು, ಅಂಗಿ, ಸದಸ್ಯತ್ವ, ಬೇಸಿಗೆಯ ಶಿಬಿರ ಎಲ್ಲ ಸೇರಿ ಮೊದಲ ವರ್ಷ 500 ಡಾಲರ್ ದಾಟಿತ್ತು. ಲೆಕ್ಕ ಬರೆದಿಡುವ ನನ್ನ ಹೆಂಡತಿ ಇದು ದುಡಿಮೆಯಲ್ಲ, ಹರಕೆ ಎಂದಿದ್ದಳು. ಕೊನೆಗೆ ಕೈ ಹಿಡಿದದ್ದು ಇಂಡೆಕ್ಸ್ ಕಾರ್ಡ್ ಕತ್ತರಿಸಿದ ತುಂಡು ಮತ್ತು ಗಿಡ್ಡ ಪೆನ್ಸಿಲ್. ಇಡೀ ಋತುವಿಗೆ ಒಂದೆರಡು ಡಾಲರ್. ಪೆನ್ ಬೇಡ, ಚಳಿಗೆ ಶಾಯಿ ಹೆಪ್ಪುಗಟ್ಟುತ್ತದೆ.

ಚೀಟಿಯಲ್ಲಿ ಬರೆಯುವುದು ನಾಲ್ಕು: ಚೆಂಡಿನ ಮೂತಿ ಇರುವ ಯಾರ್ಡ್ ಗೆರೆ, ಯಾವ ಹ್ಯಾಶ್ (ಮೈದಾನದ ಎಡ, ಬಲ ಗುರುತುಗಳಲ್ಲಿ ಯಾವುದು), ಫಸ್ಟ್ ಡೌನ್‌ಗೆ ಮುಟ್ಟಬೇಕಾದ ಗೆರೆ (ಲೈನ್ ಟು ಗೇನ್), ಒದೆಯುವ ಕಾಲು ಎಡವೋ ಬಲವೋ. ಇನ್ನೆಷ್ಟು ಯಾರ್ಡ್ ಬೇಕೆಂಬ ದೂರವನ್ನು ಬರೆಯುವುದಿಲ್ಲ, ಗುಟ್ಟು ಅಲ್ಲಿಯೇ ಇದೆ. ಸ್ಕೋರ್‌ಬೋರ್ಡ್ "5" ಎಂದಾಗ ಅದು ನಾಲ್ಕೂವರೆಯೂ ಇರಬಹುದು, ಐದೂವರೆಯೂ ಇರಬಹುದು. ರನ್ನಿಂಗ್ ಇಂಟು ಬಿದ್ದರೆ ಆ ಅರ್ಧ ಯಾರ್ಡ್‌ನ ಮೇಲೆ ಫಸ್ಟ್ ಡೌನ್ ನಿಂತಿರುತ್ತದೆ. ಎರಡು ಗೆರೆ ಬರೆದಿಟ್ಟುಕೊಂಡರೆ ಕಂಬ ಊರು ಬಿಟ್ಟು ಹೋಗಿದ್ದರೂ ಚಿಂತೆಯಿಲ್ಲ. ಬರೆಯಲು ಮೂರು ನಾಲ್ಕು ಸೆಕೆಂಡ್ ಸಾಕು. ನಾನು ಬಳಸುವ ಸಂಕೇತಗಳಲ್ಲಿ ಒಂದನ್ನು ಇಲ್ಲಿ ಹೇಳುತ್ತಿಲ್ಲ, ಅದು ನಮ್ಮ ತಂಡದೊಳಗೇ ಇರಲಿ.

ಕಾಲು ಬರೆದುಕೊಳ್ಳುವುದೇಕೆ ಎಂದು ಹಲವರು ಕೇಳಿದ್ದಾರೆ. ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್ ನಿಯಮದಲ್ಲಿ ಇದು ಸ್ಪಷ್ಟವಾಗಿದೆ: ಒದೆಯುವ ಕಾಲಿಗಷ್ಟೇ ತಾಗಿದರೆ ರನ್ನಿಂಗ್ ಇಂಟು, ಒದೆಯುವ ಕಾಲು ಇನ್ನೂ ಗಾಳಿಯಲ್ಲಿರುವಾಗ ನೆಲಕ್ಕೂರಿದ ಕಾಲಿಗೆ ತಾಗಿದರೆ ರಫಿಂಗ್. ನಮ್ಮ ಹೈಸ್ಕೂಲ್ ನಿಯಮ ಪುಸ್ತಕ ಕಿಕ್ಕರ್‌ನನ್ನು ಜಾಗದಿಂದ ಸರಿಸಿದ್ದಷ್ಟೇಯೋ, ಅದಕ್ಕಿಂತ ಜೋರಾಗಿ ಮೇಲೆರಗಿದ್ದೋ ಎಂದು ನೋಡುತ್ತದೆ. ಆದರೂ ಊರಿದ ಕಾಲನ್ನೇ ಅಳತೆಗೋಲಾಗಿಟ್ಟುಕೊಂಡರೆ ತೀರ್ಪು ಒಂದೇ ತೆರನಾಗಿ ಬರುತ್ತದೆ. ಆ ಕಾಲಿನ ಮಂಡಿಯೇ ಮುರಿಯುವುದು. ಅದಕ್ಕೆ ನಾನು ದಯೆ ತೋರಿಸುವುದಿಲ್ಲ, ತೋರಿಸಬಾರದು.

ಮೈಸೂರಿನಲ್ಲಿದ್ದಾಗ ಲೀಗ್ ಕ್ರಿಕೆಟ್‌ಗೆ ಅಂಪೈರ್ ಆಗಿದ್ದೆ. ಅಲ್ಲಿ ಬೌಲರ್‌ನ ಕಾಲು ನೋಡಿ ತಕ್ಷಣ ಕಣ್ಣೆತ್ತಿ ಚೆಂಡು ಹಿಡಿಯಬೇಕು. ಇಲ್ಲಿ ಚೆಂಡನ್ನು ಬಿಟ್ಟುಕೊಟ್ಟು ಕಾಲಿನಲ್ಲೇ ಉಳಿಯಬೇಕು. ಈ ಅಭ್ಯಾಸ ತಿರುಗಿಸಲು ಹಿತ್ತಲಿನಲ್ಲಿ ಮಗನಿಂದ ಪಂಟ್ ಮಾಡಿಸಿ ಮೊಬೈಲ್‌ನ ನಿಧಾನಗತಿಯಲ್ಲಿ ಚಿತ್ರಿಸಿದೆ. ಚೆಂಡಿಗೆ ಕಾಲು ತಾಗಿದ ಮೇಲೆ ಆ ಕಾಲು ನೆಲಕ್ಕೆ ಬರಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತಿತ್ತು. ಫ್ಲ್ಯಾಗ್ ಎಸೆಯುವ ಕೈಯನ್ನು ನಾನು ಅಷ್ಟು ಹೊತ್ತು ತಡೆದು ನಿಲ್ಲಿಸುತ್ತೇನೆ. ತಡ ಮಾಡಿದರೆ ಅನುಮಾನಿಸಿದಂತೆ ಕಾಣುತ್ತದೆ ಎಂದು ಶಿಬಿರದಲ್ಲಿ ಒಬ್ಬ ಬೋಧಕರು ಆಕ್ಷೇಪಿಸಿದ್ದರು. ಆದರೆ ಆ ಅರ್ಧ ಸೆಕೆಂಡಿನಲ್ಲೇ ಕಾಣುವುದು ತಳ್ಳಿದವರು ಯಾರು ಎಂದು. ಒದೆಯುವ ತಂಡದವನೇ ಎದುರಾಳಿಯನ್ನು ಕಿಕ್ಕರ್ ಮೇಲೆ ನೂಕಿದ್ದರೆ ಫೌಲೇ ಇಲ್ಲ.

ಇನ್ನೊಂದು ಪ್ರಯೋಗ ಕಿವಿಯದು. ಎದುರಾಳಿ ಮೊದಲು ಚೆಂಡನ್ನು ಮುಟ್ಟಿ, ತಪ್ಪಿಸಲಾಗದೆ ಕಿಕ್ಕರ್‌ಗೆ ತಾಗಿದರೆ ದಂಡವಿಲ್ಲ. ಬೆರಳ ತುದಿ ತಾಗಿದ್ದು ಕಣ್ಣಿಗೆ ಕಾಣುವುದಿಲ್ಲ, ಕೇಳಿಸುತ್ತದೆ: ದಪ್ಪನೆಯ ಸದ್ದಿನ ಬೆನ್ನಿಗೇ ಚಟ್ಟನೆಯ ಇನ್ನೊಂದು. ಅಭ್ಯಾಸದ ವೇಳೆ ಕಣ್ಣು ಮುಚ್ಚಿ ನಿಂತು ಇದನ್ನು ಕಲಿತೆ. ಬ್ಯಾಂಡ್ ಬಾರಿಸುವ ಪಂದ್ಯಗಳಲ್ಲಿ ಮಾತ್ರ ಇದು ಉಪಯೋಗಕ್ಕೆ ಬರುವುದಿಲ್ಲ.

ಎನ್‌ಎಫ್‌ಎಲ್‌ನ ದೊಡ್ಡವರ ಆಟದಲ್ಲೂ ಕಿಕ್ಕರ್ ಕಣ್ತಪ್ಪುವುದುಂಟು. 2016ರ ನವೆಂಬರ್ 7ರಂದು ಸಿಯಾಟಲ್‌ನ ರಿಚರ್ಡ್ ಶರ್ಮನ್ ಆಫ್‌ಸೈಡ್ ಆಗಿ (ಆಟ ಶುರುವಾಗುವ ಮುನ್ನವೇ ಗೆರೆ ದಾಟಿ) ನುಗ್ಗಿ ಬಫಲೋ ಕಿಕ್ಕರ್ ಡ್ಯಾನ್ ಕಾರ್ಪೆಂಟರ್‌ಗೆ ಬಡಿದರು. ಬಂದದ್ದು ಆಫ್‌ಸೈಡ್‌ನ ದಂಡ ಮಾತ್ರ. ಅನಗತ್ಯ ಒರಟುತನಕ್ಕೂ ದಂಡ ಹಾಕಬೇಕಿತ್ತು ಎಂದು ಲೀಗ್‌ನ ಆಗಿನ ಅಂಪೈರಿಂಗ್ ಮುಖ್ಯಸ್ಥ ಡೀನ್ ಬ್ಲಾಂಡಿನೋ ಆಮೇಲೆ ಹೇಳಿದರು. ಸೀಟಿ ಊದಿದ ಮಾತ್ರಕ್ಕೆ ಕಿಕ್ಕರ್‌ನನ್ನು ಕಾಯುವ ಕೆಲಸ ಮುಗಿಯುವುದಿಲ್ಲ ಎಂದು ಹೊಸಬರಿಗೆ ನಾನು ಇದನ್ನೇ ತೋರಿಸುತ್ತೇನೆ.

ಚೀಟಿ ತನ್ನ ಬೆಲೆ ತೋರಿಸಿದ್ದು ಋತುವಿನ ಕೊನೆಯ ಭಾಗದ ಒಂದು ಪಂದ್ಯದಲ್ಲಿ. ಮೂರೋ ನಾಲ್ಕೋ ಅಂಕಗಳ ಅಂತರ, ಆಟ ಮುಗಿಯಲು ಎರಡು ನಿಮಿಷದಷ್ಟು ಬಾಕಿ. ಮುಂದಿದ್ದ ತಂಡ ತನ್ನ 37 ಯಾರ್ಡ್ ಗೆರೆಯಿಂದ ಪಂಟ್ ಮಾಡಿತು. ಎದುರಾಳಿ ಒದೆಯುವ ಕಾಲಿಗೆ ತಾಗಿ ಕಿಕ್ಕರ್ ತಿರುಗಿ ಬಿದ್ದ. ರನ್ನಿಂಗ್ ಇಂಟು, 5 ಯಾರ್ಡ್. ಅಷ್ಟರಲ್ಲಿ ಚೈನ್ ಎಂದಿನಂತೆ ಹೊರಟಿತ್ತು. ಸ್ಕೋರ್‌ಬೋರ್ಡ್‌ನಲ್ಲಿ ಬೇಕಾದ ದೂರ 6 ಎಂದಿತ್ತು, ಆದ್ದರಿಂದ ಇದು ಮತ್ತೆ ನಾಲ್ಕನೆಯ ಡೌನ್ ಎಂದು ಒಬ್ಬ ಕೋಚ್ ಪಟ್ಟು ಹಿಡಿದರು. ಚೀಟಿಯಲ್ಲಿ ಎಡ ಹ್ಯಾಶ್, 37, ಗುರಿ 41½. ಚೆಂಡು 42ಕ್ಕೆ ಬಂತು, ಫಸ್ಟ್ ಡೌನ್. ಚೈನ್ ನೋಡಿಕೊಳ್ಳುವ ನಮ್ಮ ಹೆಡ್ ಲೈನ್ಸ್‌ಮನ್ ಆ ಸರಣಿಯ ಆರಂಭದ ಗೆರೆಯನ್ನು ನೆನಪಿನಿಂದ ಹೇಳಿದರು, ಅದೂ ತಾಳೆಯಾಯಿತು. ವಾರಾಂತ್ಯದಲ್ಲಿ ವಿಡಿಯೋ ನೋಡಿದಾಗ ಅರ್ಧ ಯಾರ್ಡ್ ಕೂಡ ಆಚೀಚೆ ಇರಲಿಲ್ಲ. ಪಂದ್ಯ ಹಂಚುವವರು ಮುಂದಿನ ವರ್ಷ ನಮಗೆ ಕೊಟ್ಟ ಪಟ್ಟಿ ಮೊದಲಿಗಿಂತ ತೂಕದ್ದಾಗಿತ್ತು.

ಗೋಲ್ ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೂ ಟಚ್‌ಡೌನ್ ಬಳಿಕದ ಹೆಚ್ಚುವರಿ ಅಂಕದ ಯತ್ನಕ್ಕೂ (ಟ್ರೈ) ಚೀಟಿಯ ಹಿಂಬದಿ ಬಳಸುತ್ತೇನೆ. ಅಲ್ಲಿ ಒದೆಯಲು ಚೆಂಡನ್ನು ನೆಲಕ್ಕೆ ಹಿಡಿದುಕೊಡುವ ಹೋಲ್ಡರ್‌ಗೂ ಅದೇ ರಕ್ಷಣೆ. ಟ್ರೈ ಗೋಲಾಗಿ ರಫಿಂಗ್ ಕೂಡ ಬಿದ್ದರೆ ಕ್ಯಾಪ್ಟನ್‌ಗೆ ಎರಡು ಆಯ್ಕೆ. ಒಂದು ಅಂಕ ಉಳಿಸಿಕೊಂಡು ಮುಂದಿನ ಕಿಕ್‌ಆಫ್‌ನಲ್ಲಿ 15 ಯಾರ್ಡ್ ಪಡೆಯಬಹುದು. ತಮ್ಮ 40ರಿಂದ ಒದೆಯುವುದರ ಬದಲು ಎದುರಾಳಿಯ 45ರಿಂದ ಒದೆಯುತ್ತಾರೆ. ಇಲ್ಲವೇ ಅಂಕ ಬಿಟ್ಟುಕೊಟ್ಟು, 3ರ ಗೆರೆಯಿಂದ ಅರ್ಧ ದೂರ ಒಳಗೆ, ಒಂದೂವರೆ ಯಾರ್ಡ್‌ನಿಂದ ಎರಡು ಅಂಕಕ್ಕೆ ನುಗ್ಗಬಹುದು. ಗೋಲ್ ಗೆರೆ ಹತ್ತಿರವಿದ್ದಾಗ 15 ಎಂಬುದು ಅರ್ಧ ದೂರಕ್ಕಿಳಿಯುತ್ತದೆ ಎನ್ನುವುದು ಹುಡುಗರಿಗೆ ಹೊಳೆಯುವುದಿಲ್ಲ. ಅದಕ್ಕೇ ಆಯ್ಕೆಗಳನ್ನು ಹೇಳುವಾಗ ನಾನು ದಂಡದ ಹೆಸರು ಹೇಳದೆ ಚೆಂಡು ಎಲ್ಲಿರುತ್ತದೆ ಎಂದಷ್ಟೇ ಹೇಳುತ್ತೇನೆ.

ಈ ಋತುವಿನಲ್ಲಿ ಕೈ ಹಾಕಿರುವುದು ರಗ್ಬಿ ಶೈಲಿಯ ಪಂಟ್‌ಗೆ. ಓಡುತ್ತಾ ಒದೆಯುವ ಹುಡುಗ ಒದೆಯುವುದು ಖಚಿತವೆಂದು ಎದುರಾಳಿಗೆ ಯಾವ ಹೆಜ್ಜೆಯಲ್ಲಿ ತಿಳಿಯುತ್ತದೆ ಎಂಬುದರ ಮೇಲೆ ಅವನ ರಕ್ಷಣೆ ನಿಂತಿದೆ. ಹೀಗೆ ಒದೆಯುವ ಶಾಲೆಗಳ ಹುಡುಗರ ಹೆಜ್ಜೆಗಳನ್ನು ವಿಡಿಯೋದಲ್ಲಿ ನೋಡಿ ಚೀಟಿಗೆ ಐದನೆಯ ಕಲಮು ಸೇರಿಸಿದ್ದೇನೆ. ಇದುವರೆಗೆ ಬಂದ ಫಲ ಚೆನ್ನಾಗಿದೆ, ಆದರೆ ಪ್ಲೇಆಫ್ ಮುಗಿಯುವ ತನಕ ಅದರ ವಿವರ ಹೊರಗೆ ಬಿಡುವುದಿಲ್ಲ.