ತೋಟದಡಿ ಕೊಳವೆ ಬರುವುದಾದರೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ಕರಾವಳಿಗೆ ನೆಲದಡಿಯ ಕೊಳವೆಮಾರ್ಗ ಹೊಸತಲ್ಲ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಹರಿಯುತ್ತದೆ, ಉಡುಪಿ ಜಿಲ್ಲೆಯ ಪಾದೂರಿನ ಭೂಗತ ಸಂಗ್ರಹಾಗಾರಕ್ಕೆ ಕಚ್ಚಾತೈಲ ಸಾಗುತ್ತದೆ, 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ನೈಸರ್ಗಿಕ ಅನಿಲ ಮಾರ್ಗವೂ ಉದ್ಘಾಟನೆಗೊಂಡಿತು. ಹೊಸ ಮಾರ್ಗದ ಸುದ್ದಿ ಬಂದಾಗ ಊರವರು ಸಾರ್ವಜನಿಕ ಅಹವಾಲು ಸಭೆಯನ್ನು ಕಾಯುವುದುಂಟು. ಆದರೆ 2006ರ ಪರಿಸರ ಅಧಿಸೂಚನೆಯಡಿ ಕೊಳವೆಮಾರ್ಗವು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಪರಿಸರ ಸೂಕ್ಷ್ಮ ಪ್ರದೇಶಗಳಂಥ ಕಡೆ ಹಾಯುವಾಗ ಮಾತ್ರ ಪರಿಸರ ಅನುಮತಿ ಬೇಕಾಗುವುದರಿಂದ, ಉಳಿದೆಡೆ ಆ ಸಭೆ ನಡೆಯದೆಯೇ ಕೆಲಸ ಆರಂಭವಾಗಬಹುದು. ಜಮೀನುದಾರರಿಗೆ ಕಾನೂನು ತೆರೆದಿಟ್ಟಿರುವ ಬಾಗಿಲು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯ್ದೆಯಲ್ಲಿದೆ. ಅದು ತೆರೆದಿರುವುದು ರಾಜಪತ್ರದಲ್ಲಿ ಅಧಿಸೂಚನೆ ಪ್ರಕಟವಾದಂದಿನಿಂದ 21 ದಿನ ಮಾತ್ರ.

ಮೊದಲು, ಆ ಅಧಿಸೂಚನೆಯಲ್ಲಿರುವ ಸರ್ವೆ ನಂಬರನ್ನು ನಿಮ್ಮ ಪಹಣಿಯೊಂದಿಗೆ ತಾಳೆ ನೋಡಿ. ಬಳಿಕ, ಜಮೀನಿನಲ್ಲಿ ಹಿತಾಸಕ್ತಿ ಇರುವವರು ಕಾರಣಸಹಿತ ಆಕ್ಷೇಪಣೆಯನ್ನು ಸಕ್ಷಮ ಪ್ರಾಧಿಕಾರಕ್ಕೆ (ಈ ಕೆಲಸಕ್ಕೆ ಕೇಂದ್ರ ಸರ್ಕಾರ ನೇಮಿಸಿದ ಅಧಿಕಾರಿಗೆ) ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಬೇಕು. ಖುದ್ದಾಗಿ ಅಥವಾ ವಕೀಲರ ಮೂಲಕ ವಾದ ಹೇಳಿಕೊಳ್ಳುವ ಅವಕಾಶ ಕಾಯ್ದೆಯಲ್ಲೇ ಇದೆ.

ಏನು ಬರೆಯಬೇಕು ಎನ್ನುವುದೇ ಮುಖ್ಯ. ‘ನಮಗೆ ಬೇಡ’ ಎಂಬ ಒಂದು ಸಾಲಿನ ಅರ್ಜಿಗೆ ತೂಕವಿಲ್ಲ. ಬಾವಿ, ನೀರಿನ ಸುರಂಗ, ಮದಕ (ಮಳೆನೀರು ನಿಲ್ಲುವ ಕೆರೆ), ಮಳೆನೀರು ಹರಿಯುವ ತೋಡು, ಗುಡ್ಡದ ಇಳಿಜಾರು ಇವನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ, ಆಷಾಢದ ಮಳೆಗೆ ಮಣ್ಣು ಕೊಚ್ಚಿಹೋದರೆ ಕೊಳವೆಯ ಮೇಲಿನ ಹೊದಿಕೆಯನ್ನು ಕಾಯುವವರು ಯಾರೆಂದು ಕೇಳಿ. ಒಳಗೆ ಹರಿಯುವುದೇನೆಂದೂ ತಿಳಿದಿರಬೇಕು: ನೈಸರ್ಗಿಕ ಅನಿಲ ಗಾಳಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ, ಎಲ್‌ಪಿಜಿ ಭಾರವಾದ್ದರಿಂದ ತಗ್ಗಿನ ಗದ್ದೆ, ಚರಂಡಿಗಳಲ್ಲಿ ನಿಲ್ಲುತ್ತದೆ. ದುರಸ್ತಿಯ ವೇಳೆ ಕೊಳವೆಯಲ್ಲಿ ಉಳಿದ ಅನಿಲವನ್ನು ಗಾಳಿಗೆ ಬಿಡುತ್ತಾರೆಯೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳುವಂತೆ ಕಾಣದು. 20 ವರ್ಷಗಳ ಲೆಕ್ಕದಲ್ಲಿ, ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಮುಂದೆ ಇದೇ ಕೊಳವೆಯಲ್ಲಿ ಜಲಜನಕವನ್ನು ಬೆರೆಸುವ ಉದ್ದೇಶವಿದ್ದರೆ ಅದನ್ನೂ ಲಿಖಿತವಾಗಿ ಕೇಳಿ ಪಡೆಯಿರಿ, ಏಕೆಂದರೆ ಜಲಜನಕದ ಸಣ್ಣ ಪರಮಾಣು ಉಕ್ಕಿನೊಳಕ್ಕೆ ನುಸುಳಿ ಕೆಲವು ಬಗೆಯ ಉಕ್ಕನ್ನು ಪೆಡಸಾಗಿಸಬಲ್ಲದು.

ಪರಿಹಾರದ ಲೆಕ್ಕ ಸರಳವಾದರೂ ಕಹಿ. ಜಮೀನು ನಿಮ್ಮದಾಗಿಯೇ ಉಳಿಯುವುದರಿಂದ, ಕೊಳವೆ ಹೂಳಲು ಪಡೆಯುವ ಬಳಕೆಯ ಹಕ್ಕಿಗೆ ಮಾರುಕಟ್ಟೆ ಬೆಲೆಯ ಶೇಕಡಾ 10ರಷ್ಟು ಸಿಗುತ್ತದೆ. ಬೆಳೆ, ಮರಗಳ ನಷ್ಟಕ್ಕೆ ಪ್ರತ್ಯೇಕ ಪರಿಹಾರವಿದೆ. ಆದರೆ ಕೊಳವೆ ಹಾಯುವ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಭತ್ತದ ಗದ್ದೆಯವರು ಹೇಗೋ ಹೊಂದಿಸಿಕೊಂಡಾರು, ಕಂಗಿನ (ಅಡಿಕೆ) ತೋಟದವರಿಗೆ ಅಷ್ಟು ನೆಲ ಕೈಬಿಟ್ಟಂತೆಯೇ. ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಕೊಳವೆ ಹೂತ ಮೇಲೆ, ಗುರುತುಕಂಬದಲ್ಲಿರುವ ದೂರವಾಣಿ ಸಂಖ್ಯೆಯನ್ನು ಮನೆಯವರೆಲ್ಲರೂ ಬರೆದಿಟ್ಟುಕೊಳ್ಳಬೇಕು. ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆಯಿಲ್ಲದ ಕಾರಣ ಮೂಗನ್ನೇ ನಂಬುವಂತಿಲ್ಲ. ಬುಸುಗುಟ್ಟುವ ಸದ್ದು, ನಿಂತ ನೀರಿನಲ್ಲಿ ಗುಳ್ಳೆ, ಕಾರಣವಿಲ್ಲದೆ ಒಣಗಿದ ಹುಲ್ಲಿನ ಪಟ್ಟಿ ಕಂಡರೆ ವಾಹನ ಚಾಲೂ ಮಾಡದೆ, ಸ್ವಿಚ್ ಮುಟ್ಟದೆ, ಗಾಳಿ ಬೀಸಿ ಬರುವ ದಿಕ್ಕಿಗೆ ನಡೆದು ದೂರ ಸರಿದ ನಂತರವೇ ಆ ಸಂಖ್ಯೆಗೂ 112ಕ್ಕೂ ಕರೆ ಮಾಡಬೇಕು.