ಸೂರಕ್ಕಿ ಮತ್ತು ಹನಿ ಪಾಸಮ್: ಹೋಲಿಸುವುದು ಹೇಗೆ?

ಸೂರಕ್ಕಿ ಕೊಡಗಿನ ಕಾಫಿ ತೋಟಗಳ ಹಾಡುಹಕ್ಕಿ. ಹನಿ ಪಾಸಮ್ ಇರುವುದು ಆಸ್ಟ್ರೇಲಿಯಾದ ನೈಋತ್ಯ ಮೂಲೆಯಲ್ಲಿ ಮಾತ್ರ. ಮರಿಯನ್ನು ಹೊಟ್ಟೆಚೀಲದಲ್ಲಿ ಸಾಕುವ, ಇಲಿಮರಿಯಷ್ಟೇ ಇರುವ ಸಸ್ತನಿ. ಎರಡೂ ಮಕರಂದ ಕುಡಿಯುತ್ತವೆ, ಎರಡರ ತೂಕವೂ 10 ಗ್ರಾಂ ಆಸುಪಾಸು. ಜೀವಶಾಸ್ತ್ರದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಮೊದಲು ಪ್ರಭೇದ ಖಚಿತಪಡಿಸಿಕೊಳ್ಳಿ. ಇಲ್ಲಿನ ಲೆಕ್ಕ ಪರ್ಪಲ್ ರಂಪ್ಡ್ ಸೂರಕ್ಕಿಯದು. ಗಂಡಿನ ಎದೆಯ ಕೆಂಗಂದು ಪಟ್ಟಿ ಅಗಲವಾಗಿದ್ದರೆ ಅದು ಪಶ್ಚಿಮಘಟ್ಟಕ್ಕೇ ಸೀಮಿತವಾದ ಕ್ರಿಮ್ಸನ್ ಬ್ಯಾಕ್ಡ್. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ.

ಬೆಳಗ್ಗೆ 7ರಿಂದ 9ರೊಳಗೆ, ಹೂಬಿಟ್ಟ ಹಾಲುವಾಣದ ಅಥವಾ ಬಂದಳಿಕೆ ಹಿಡಿದ ಕೊಂಬೆಯ ಎದುರು ದುರ್ಬೀನು ಹಿಡಿದು 20 ನಿಮಿಷ ನಿಲ್ಲಿ. ಒಂದು ಹೂವಿಗೆ ಎಷ್ಟು ಸೆಕೆಂಡು, ಕುಳಿತು ಕುಡಿಯಿತೋ ರೆಕ್ಕೆ ಬಡಿಯುತ್ತ ಕುಡಿಯಿತೋ, ನಡುವೆ ಹುಳ, ಜೇಡ ಹಿಡಿಯಿತೋ ಬರೆದುಕೊಳ್ಳಿ. ಕೊನೆಯದನ್ನು ಬಿಡಲೇಬೇಡಿ. ಮಕರಂದದಲ್ಲಿ ಸಕ್ಕರೆ ಇದೆ, ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಆ ಕೊರತೆಯನ್ನು ಸೂರಕ್ಕಿ ಹುಳಗಳಿಂದ ತುಂಬಿಕೊಳ್ಳುತ್ತದೆ, ಪಾಸಮ್ ಪರಾಗ ತಿಂದು. ಹಕ್ಕಿಯ ನಾಲಿಗೆ ತುದಿ ಸೀಳಿದ ಕೊಳವೆಯಾಗಿರುವುದೂ ಪಾಸಮ್‌ನದು ಪರಾಗ ಅಂಟಿಬರುವ ಕುಂಚದಂತಿರುವುದೂ ಈ ಊಟಕ್ಕೆ ತಕ್ಕಂತೆಯೇ.

ಪಾಸಮ್ ಹೆಚ್ಚಾಗಿ ಓಡಾಡುವುದು ರಾತ್ರಿ. ಚಳಿಯಿದ್ದು ಆಹಾರ ಕಡಿಮೆಯಾದರೆ ಮೈ ತಣ್ಣಗಾಗಿಸಿಕೊಂಡು ಜಡವಾಗಿ ಮಲಗಿಬಿಡುತ್ತದೆ. ಹಾಗಾಗಿ ಹೂವಿಗೆ ಬಂದ ಸಲಗಳನ್ನು ಗಂಟೆಗೆ ಗಂಟೆ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಅದು ಹೋಗುವ ಬ್ಯಾಂಕ್ಸಿಯಾ ಹೂವೂ ನಮ್ಮ ತೋಟದ ಸಿಲ್ವರ್ ಮರವೂ ಒಂದೇ ಪ್ರೋಟಿಯೇಸೀ ಕುಟುಂಬದವು. ಸಿಲ್ವರ್ ಹೂಬಿಟ್ಟಾಗ ಸೂರಕ್ಕಿ ಬಂದರೆ ಪಟ್ಟಿಯಲ್ಲಿ ಅದಕ್ಕೆ ಬೇರೆ ಕಾಲಮ್ ಕೊಡಿ.

ಹೆಚ್ಚಿನವರು ಎಡವುವುದು ಮರಿಗಳ ವಿಷಯದಲ್ಲಿ. ಮೊಟ್ಟೆಯೊಡೆದ ದಿನ, ಪಾಸಮ್ ಹುಟ್ಟಿದ ದಿನ, ಎರಡನ್ನೂ ಎದುರುಬದುರು ಇಡುತ್ತಾರೆ. ಹುಟ್ಟಿದ ಪಾಸಮ್ 5 ಮಿಲಿಗ್ರಾಂ ಕೂಡ ತೂಗುವುದಿಲ್ಲ, ಅಂದರೆ 10 ಗ್ರಾಂ ತೂಗುವ ತಾಯಿಯ 2000ದಲ್ಲಿ ಒಂದು ಪಾಲೂ ಇಲ್ಲ. ಸಸ್ತನಿಗಳಲ್ಲೇ ಅತಿ ಸಣ್ಣ ನವಜಾತ ಮರಿ ಇದು. ಗರ್ಭಧಾರಣೆಯಿಂದ ಎಣಿಸೋಣವೆಂದರೆ ಅದರ ಭ್ರೂಣ ಬೆಳವಣಿಗೆ ನಿಲ್ಲಿಸಿ ಕಾಯಬಲ್ಲದು. ಆದ್ದರಿಂದ ಮರಿ ಗೂಡು ಬಿಟ್ಟ ದಿನ, ಚೀಲ ಬಿಟ್ಟ ದಿನ ಇವನ್ನು ಸರಿಸಾಟಿ ಇಟ್ಟು ಹಿಂದಕ್ಕೆ ಎಣಿಸಿ: ಸೂರಕ್ಕಿಗೆ ಗೂಡಿನಲ್ಲಿ ಸುಮಾರು 17 ದಿನ, ಅದಕ್ಕೂ ಮೊದಲು ಕಾವು ಸುಮಾರು 15 ದಿನ; ಪಾಸಮ್‌ಗೆ ಚೀಲದೊಳಗೇ ಸುಮಾರು 60 ದಿನ.

ಗೂಡನ್ನು ದೂರದಿಂದಲೇ ನೋಡಿ. ಕೊಕ್ಕಿನಲ್ಲಿ ಹುಳ ಹಿಡಿದ ಹಕ್ಕಿ ಗೂಡಿಗೆ ಹೋಗದೆ ಪಕ್ಕದ ಕೊಂಬೆಯಲ್ಲೇ ಚಡಪಡಿಸುತ್ತಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ, ಕೂಡಲೇ ಹಿಂದೆ ಸರಿಯಿರಿ.